ಒಳಗಿಂದ ಹೊಡೆದ ಪಟ್ಟಿ

ಇಷ್ಟು ಸಣ್ಣ ಸಂಗತಿಯನ್ನು ಕಥೆಯೆಂದು ಹೇಳಹೊರಟದ್ದಕ್ಕೆ ಮೊದಲೇ ಕ್ಷಮೆ ಇರಲಿ. ಹೇಳಬೇಕಾದದ್ದು ಹೌದೋ ಅಲ್ಲವೋ, ಓದಿದವರೇ ತೀರ್ಮಾನಿಸಬೇಕು.

ಬಟ್ಟೆ ಹೊಲಿಯುವ ಅತ್ತಿಗೆಗೆ ಅಂದು ಬೆಳಗಿನಿಂದ ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ. ಎಷ್ಟೋ ಕಾಲ ಖಾಲಿ ಬಿದ್ದಿದ್ದ ಹಿತ್ತಲ ಗೂಡಿಗೆ ಸಂಜೆ ಕೋಳಿಗಳು ಬರುವುದಿತ್ತು. ತರುವವಳು ಕೋಳಿಯಜ್ಜಿ. ಹೆಣ್ಣು ಕೊಡುವವರು ಮನೆ ನೋಡುವ ಹಾಗೆ ಅವಳು ಗೂಡು ನೋಡಿಯೇ ಕೋಳಿ ಕೊಡುವವಳು. ಯಾವುದಾದರೂ ಸಂದಿಯಲ್ಲಿ ಅವಳ ಎರಡು ಬೆರಳು ತೂರಿದರೆ ಮುಂಗುಸಿಯೂ ತೂರೀತೆಂದು ಲೆಕ್ಕ, ಬುಟ್ಟಿ ಎತ್ತಿಕೊಂಡು ವಾಪಸ್. ಕಳೆದ ಸಲ ಹಾಗೇ ಹೋಗಿದ್ದಳು. ಈ ಸಲವೂ ಹಾಗೆ ಹೋಗಬೇಕಾಗಿ ಬಂದರೆ ಇನ್ನು ಈ ಕಡೆ ತಲೆ ಹಾಕುವುದಿಲ್ಲ ಎಂದು ಹೇಳಿಕಳಿಸಿದ್ದಳು.

ಬಸ್ ಕಂಡಕ್ಟರ್ ನಾದಿನಿ ರಜೆ ಹಾಕಿ ಸಹಾಯಕ್ಕೆ ನಿಂತಳು. ಇಬ್ಬರೂ ಜೇಡರ ಬಲೆ ತೆಗೆದರು, ಒಣಗಿದ ಹಿಕ್ಕೆ ಕೆರೆದರು, ಸುಣ್ಣ ಬಳಿದರು, ನೆಲಕ್ಕೆ ಹೊಟ್ಟು ಹರಡಿದರು. ನಾದಿನಿಯ ಮೂಗೆಲ್ಲ ಸುಣ್ಣವಾದದ್ದನ್ನು ನೋಡಿ ಅತ್ತಿಗೆ ಕಿಸಕ್ಕನೆ ನಕ್ಕಳು.

"ನಗ್ಬೇಡಿ ಅತ್ತಿಗೆ. ನಿಮ್ಮ ತಲೆ ನೋಡಿದ್ರೆ ಕೋಳಿಗಳು ಅಲ್ಲೇ ಮೊಟ್ಟೆ ಇಡ್ತವೆ!"

ಉಳಿದದ್ದು ಸಂದಿಗಳು. ಬಾಗಿಲು ಮುಚ್ಚಿ, ಜಾಲರಿಯ ಕಿಟಕಿಗೆ ಗೋಣಿಚೀಲ ಇಳಿಬಿಟ್ಟರೆ, ಬೆಳಕು ತೂರಿದಲ್ಲೆಲ್ಲ ಸಂದಿ ಎಂದರ್ಥ. ಬಟ್ಟೆಗೆ ಅಂಚು ಹೊಲಿಯುವ ಶ್ರದ್ಧೆಯಿಂದ ಅತ್ತಿಗೆ ಒಂದೊಂದು ಬೆಳಕಿನ ಗೆರೆಗೂ ಮರದ ಪಟ್ಟಿ ಇಟ್ಟು ಮೊಳೆ ಹೊಡೆದಳು. ಕೊನೆಗೆ ಒಂದು ಉದ್ದನೆಯ ಗೆರೆ ಉಳಿಯಿತು. ಅದನ್ನೂ ಬಿಡಲಿಲ್ಲ.

"ಈಗ ಇರುವೆ ಬರ್ಲಿ ನೋಡೋಣ!"

"ಇರುವೆ ಇರ್ಲಿ ಅತ್ತಿಗೆ," ಕತ್ತಲಲ್ಲಿ ನಾದಿನಿಯ ದನಿ, "ನಾವು ಹೋಗೋದು ಹೇಗೆ?"

ಆ ಗೆರೆ ಬಾಗಿಲಿನದು. ಪಟ್ಟಿ ಅರ್ಧ ಬಾಗಿಲ ಮೇಲೆ, ಅರ್ಧ ಚೌಕಟ್ಟಿನ ಮೇಲೆ ಭದ್ರವಾಗಿ ಕೂತಿತ್ತು. ಮೊಳೆ ಕೀಳುವ ಇಕ್ಕಳ ಹೊರಗಿತ್ತು. ಅದೇ ಹೊತ್ತಿಗೆ ಹಿತ್ತಲಲ್ಲಿ ಕೋಳಿಗಳ ಕೊಕ್ಕೊಕ್ಕೋ.

"ಮನೇಲಿ ಯಾರಿದ್ದೀರಮ್ಮಾ?"

ನಾದಿನಿ ಗೋಣಿ ಸರಿಸಿದಳು. "ಮನೇಲಿ ಯಾರೂ ಇಲ್ಲ ಅಜ್ಜಿ, ಗೂಡಲ್ಲಿ ಇಬ್ರು! ಬಾಗಿಲು ತಳ್ಳಿ!"

"ತಡೀರಿ, ಮೊದ್ಲು ಗೂಡು ನೋಡ್ತೀನಿ."

ಅಜ್ಜಿ ಗೋಡೆಯುದ್ದಕ್ಕೂ ಬೆರಳಾಡಿಸುತ್ತ ಬಂದಳು. ಒಳಗೆ ಅತ್ತಿಗೆ ಆ ಪರಪರ ಸದ್ದಿನ ಹಿಂದೆಯೇ ಬಗ್ಗಿ ಬಗ್ಗಿ ನಡೆದಳು. ಎಲ್ಲೂ ಬೆರಳು ತೂರಲಿಲ್ಲ. ಸದ್ದು ಬಾಗಿಲ ಬಳಿ ನಿಂತಿತು.

"ಇದನ್ನ ಒಳಗಿಂದ ಹೊಡೆದ ಜಾಣೆ ಯಾರು?"

"ನಾನೇ ಅಜ್ಜಿ," ಅತ್ತಿಗೆಯ ಸ್ವರ ನೂಲಿನಷ್ಟಾಗಿತ್ತು.

"ಕಂಡಕ್ಟರಮ್ಮ, ನೀನೇನ್ಮಾಡ್ತಿದ್ದೆ?"

"ಪಟ್ಟಿ ಹಿಡ್ಕೊಂಡು 'ಒಳಗೆ ಹೋಗಿ, ಒಳಗೆ ಹೋಗಿ' ಅಂತಿದ್ದೆ!"

ಅತ್ತಿಗೆಗೆ ನಗು ತಡೆಯಲಾಗಲಿಲ್ಲ. ಅಷ್ಟರಲ್ಲಿ ಅಜ್ಜಿ ಹೆಗಲು ಕೊಟ್ಟು ಗುದ್ದಿದಳು. ಪಟ್ಟಿ ಸೀಳಿತು, ಬಾಗಿಲು ಅಂಚು ಮುರಿದುಕೊಂಡು ತೆರೆಯಿತು, ಒಳಗಿದ್ದ ಇಬ್ಬರೂ ಹೊಟ್ಟಿನ ಮೇಲೆ ಅಂಗಾತ ಬಿದ್ದು, ಹೊಟ್ಟೆ ಹಿಡಿದುಕೊಂಡು ನಕ್ಕರು. ಏಳಲು ಹೋಗುವುದು, ಒಬ್ಬರ ಮುಖ ಒಬ್ಬರು ನೋಡುವುದು, ಮತ್ತೆ ಬೀಳುವುದು.

ಮುರಿದ ಬಾಗಿಲಲ್ಲಿ ಈಗ ಎರಡಲ್ಲ, ಮೂರು ಬೆರಳು ತೂರುವಷ್ಟು ಸಂದಿ. ಅಜ್ಜಿ ಅದನ್ನು ನೋಡಿದಳು. ಅತ್ತಿಗೆಯೂ ನೋಡಿದಳು.

"ಪಟ್ಟೀನ ಬಾಗಿಲಿಗೆ ಮಾತ್ರ ಹೊಡಿ ತಾಯಿ, ಚೌಕಟ್ಟಿಗಲ್ಲ," ಎಂದಳು ಅಜ್ಜಿ. ಬುಟ್ಟಿಯ ಮುಚ್ಚಳ ತೆಗೆದು ಕೋಳಿಗಳನ್ನು ಅವರಿಬ್ಬರ ಮೇಲೆಯೇ ಬಿಟ್ಟಳು.

ಆ ಸಂದಿಗೆ ಅಜ್ಜಿ ಯಾಕೆ ಬೆರಳಿಡಲಿಲ್ಲವೋ ಗೊತ್ತಿಲ್ಲ. ಅತ್ತಿಗೆ ಕೇಳಲಿಲ್ಲ, ಕೇಳಿದರೆ ವಾಪಸ್ ಒಯ್ದಾಳು ಎಂಬ ಭಯ.