ಅಂಗೈಗೆ ನೆನಪಿಲ್ಲದ ಗಂಟು

ಕ್ಷಮಿಸಿ, ಇದನ್ನು ಹೇಳೋ ಯೋಗ್ಯತೆ ನನಗಿಲ್ಲ, ಆದರೂ ಹೇಳಿಬಿಡ್ತೀನಿ — ಹೀಗೆ ಶುರು ಮಾಡಿದರೆ ಆದೀತೇ, ಅಥವಾ ಕ್ಷಮಿಸಿ ಎಂಬ ಮಾತೇ ಮೊದಲು ಬರಬಾರದೇ, ಕೇಳಿಬಿಟ್ಟರೆ ಎದುರಿಗಿದ್ದವರು ಕ್ಷಮಿಸಲೇಬೇಕಾಗುತ್ತದಲ್ಲ, ಅದೂ ಒಂದು ಬಗೆಯ ಬಲವಂತವೇ, ಎಂದು ಅವಳು ಯೋಚಿಸುತ್ತಿರುವಾಗ ಮುಂದೆ ನಡೆಯುತ್ತಿದ್ದ ಹಲ್ಲಿನ ಡಾಕ್ಟರ ಎಡಗಾಲಿನ ಬೂಟಿನ ಲೇಸು ಬಿಚ್ಚಿಕೊಂಡು ಜಲ್ಲಿಯ ಮೇಲೆ ಎಳೆದಾಡತೊಡಗಿತು, ಒಂದು ಹೆಜ್ಜೆಗೆ ಆಚೆ, ಮತ್ತೊಂದಕ್ಕೆ ಈಚೆ. ಹೇಳಬೇಕು. ಡಾಕ್ಟ್ರೇ, ಲೇಸು. ಎರಡೇ ಶಬ್ದ, ಅವನ್ನೂ ಹೇಳಲಿಲ್ಲ, ಇಷ್ಟು ಸಣ್ಣದನ್ನು ಹೇಳಲು ಬಾಯಿ ತೆರೆದರೆ ದೊಡ್ಡದೂ ಹಿಂದೆಯೇ ಹೊರಬಿದ್ದೀತು ಎಂಬ ಭಯ, ಅದನ್ನು ಮೇಲೆ ಹೋದ ಮೇಲೆ ಹೇಳುವುದು ಎಂದು ವಿಮಾನದಲ್ಲೇ ತೀರ್ಮಾನಿಸಿಯಾಗಿದೆ, ತುದಿಯಲ್ಲಿ, ಎಲ್ಲರೂ ಕೂತ ಮೇಲೆ, ಅಕ್ಕನ ಮುಖ ನೋಡಿಕೊಂಡು. ದಾರಿಯೋ ಅಂಗಳದ ಹಾಗಿದೆ, ಬದಿಗೆ ಮರದ ಕಟಕಟೆ, ಸುಸ್ತಾಗುವ ಮೊದಲೇ ಒಂದು ಬೆಂಚು, ಈ ಪರದೇಶದವರು ಬೆಟ್ಟವನ್ನೂ ಗುಡಿಸಿ ಇಟ್ಟಿದ್ದಾರೆ, ಕೂಸಿನ ಗಾಡಿ ತಳ್ಳಿಕೊಂಡು ಗಂಡಹೆಂಡತಿ ಇಬ್ಬರು ಇವರನ್ನು ದಾಟಿ ಹೋದರು, ಆಗ ಡಾಕ್ಟರು ಏದುಸಿರಿನಲ್ಲೇ — ನೋಡ್ರಪ್ಪಾ, ಒಂದು ಕಾಲದಲ್ಲಿ ಬಂಡೆಗೆ ಹಲ್ಲಿ ಥರ ಅಂಟ್ಕೋತಿದ್ದೋರು, ಈಗ ಹಾಲು ಕುಡಿಯೋ ಮಗು ನಮ್ಮನ್ನ ಹಿಂದೆ ಹಾಕ್ತಿದೆ. ಆ ಕಾಲದಲ್ಲಿ ಇವರಿಗೆಲ್ಲ ಕೆಳಗಿಂದ ಹಗ್ಗ ಹಿಡಿಯುತ್ತಿದ್ದ ಮೇಷ್ಟ್ರು ಮೊಣಕಾಲು ಹಿಡಿದುಕೊಂಡೇ ನಕ್ಕರು. ಅಕ್ಕ ನಗಲಿಲ್ಲ. ಅಕ್ಕ ಬಂದದ್ದೇ ದೊಡ್ಡದು.

ಅಕ್ಕ ಎಂದರೆ ಅಳಿಲಿನ ಅಕ್ಕ. ಅಳಿಲು ಎಂದರೆ — ಅಲ್ಲಿ ನಿಲ್ಲುತ್ತದೆ ಅವಳ ಯೋಚನೆ, ಅವತ್ತಿನ ಬಂಡೆಯ ತುದಿಯಲ್ಲಿ, ಹಗ್ಗ ತೂರಿಸಿದ ಕಬ್ಬಿಣದ ಬಳೆಯ ಕೆಳಗೆ, ಕಿತ್ತಳೆ ಬಣ್ಣದ ಹಗ್ಗದ ತುದಿ ತೂಗುತ್ತಿದೆ, ಬಿಳಿ ಟೇಪು ಸುತ್ತಿದ ತುದಿ — ಬೇಡ, ಬೇರೆ ಏನಾದರೂ. ಅಳಿಲು ಎಂದು ಎಲ್ಲರೂ ಕರೆಯುತ್ತಿದ್ದ ಬೇಕರಿಯವನು, ಬೆಳಗಿನ ಜಾವ ಬ್ರೆಡ್ಡು ಬೇಯಿಸಿ, ಹುಬ್ಬಿನ ಮೇಲೆ ಹಿಟ್ಟು ಹಾಗೇ ಇಟ್ಟುಕೊಂಡು ಬಂಡೆ ಹತ್ತಲು ಬರುತ್ತಿದ್ದವನು, ಬೆರಳುಗಳಲ್ಲಿ ಅಂಥ ಶಕ್ತಿ, ಯಾವ ಮುಚ್ಚಳವಾದರೂ ಸರಿ, ಕೊಡಿಲ್ಲಿ ಎಂದು ಕಸಿದುಕೊಂಡು ಒಂದೇ ತಿರುವಿಗೆ. ಮುಚ್ಚಳ ಬೇಡ. ಇವಳು ಆಗ ಸಂಜೆ ತರಗತಿಯಲ್ಲಿ ಲಿಫ್ಟ್ ಕೆಲಸ ಕಲಿಯುತ್ತಿದ್ದಳು, ಹಗಲೆಲ್ಲ ಅಂಗಡಿಯಲ್ಲಿ ನಿಂತು ಕಾಲು ಬಾತುಕೊಂಡು ಸಂಜೆ ಡೆಸ್ಕಿನ ಮೇಲೆ ತೂಕಡಿಸುತ್ತಿದ್ದಳು, ನೀನು ಪಾಸಾಗಿ ಸಹಿ ಹಾಕಿದ ಲಿಫ್ಟಲ್ಲಿ ನಾನು ಹತ್ತಲ್ಲಮ್ಮ, ಮೆಟ್ಟಿಲೇ ವಾಸಿ, ಎಂದು ಅಳಿಲು ರೇಗಿಸುತ್ತಿದ್ದ, ಪಾಸಾದಳು, ಸಹಿಯೂ ಹಾಕುತ್ತಾಳೆ, ದಿನಕ್ಕೆ ಆರು ಕಟ್ಟಡ, ಪ್ರತಿ ಲಿಫ್ಟಿನ ಒಳಗೋಡೆಯ ಚೀಟಿಯಲ್ಲಿ ತಪಾಸಣೆ ಮಾಡಲಾಗಿದೆ ಎಂಬ ಸಾಲಿನ ಕೆಳಗೆ ಇವಳ ಹೆಸರು, ಬೀದಿಗೆ ಇಳಿದವಳು ಮತ್ತೆ ಹತ್ತಿಹೋಗಿ ಬ್ರೇಕಿನ ಬೋಲ್ಟು ಮುಟ್ಟುತ್ತಾಳೆ, ಜೊತೆಗಾರ ನಗುತ್ತಾನೆ, ಮೇಡಂ, ಮೂರು ಸಲ ಮುಟ್ಟಿದ್ರಿ, ಪಾಪ ಆ ಬೋಲ್ಟಿಗೇ ನಾಚಿಕೆ ಆಗ್ತಿದೆ. ನಗಲಿ. ಮುಟ್ಟಿದ್ದು ನೆನಪಿರಬೇಕು, ಅಷ್ಟೇ. ತಣ್ಣಗಿತ್ತು, ಅಂಚು ಚೂಪಾಗಿತ್ತು, ಗ್ರೀಸು ಹತ್ತಿತು, ಹೀಗೆ ಏನಾದರೊಂದು ಅಂಗೈಯಲ್ಲಿ ಉಳಿಯಬೇಕು.

ಡಾಕ್ಟರು ಮುಗ್ಗರಿಸಿದರು. ಲೇಸಿನ ಮೇಲೆ ತಮ್ಮದೇ ಬಲಗಾಲು ಇಟ್ಟು, ಕಟಕಟೆ ಹಿಡಿದು ಹೇಗೋ ನಿಂತರು, ಅಯ್ಯೋ ಶಿವನೇ, ಎಂದು ಕೂತು ಲೇಸು ಕಟ್ಟುತ್ತ ಇವಳ ಕಡೆ ತಿರುಗಿ, ಏನಮ್ಮಾ ಇನ್ಸ್‌ಪೆಕ್ಟ್ರೇ, ಹಿಂದೇನೇ ಬರ್ತಿದ್ಯಲ್ಲ, ನೋಡ್ಲಿಲ್ವಾ? ನೋಡಿದೆ, ಎಂದಳು ಅವಳು. ನೋಡಿಯೂ ಹೇಳ್ಲಿಲ್ವಾ, ನನ್ನ ಹಲ್ಲು ನಾನೇ ಕಟ್ಕೋಬೇಕಾಗ್ತಿತ್ತಲ್ಲೇ. ತಮಾಷೆಯೇ. ಆದರೆ ಮೇಷ್ಟ್ರು ತಟ್ಟನೆ ಬೇರೆ ಕಡೆ ನೋಡಿದರು, ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸತೊಡಗಿದರು, ಹೀಗೇ ಒರೆಸಿದ್ದರು, ಅವತ್ತೂ, ಒಂಬತ್ತು ವರ್ಷದ ಹಿಂದೆ, ಬಂಡೆಯ ಬುಡದಲ್ಲಿ, ಮಂಜು ಹಿಡಿದ ಗಾಜು ಒರೆಸುತ್ತ, ನೀನೇ ನೋಡಿಬಿಡಮ್ಮ ಅವನ ಗಂಟು, ಎಂದಿದ್ದರು. ಕೆಳಗೆ ಹಗ್ಗ ಹಿಡಿಯುವವರೇ ಹತ್ತುವವರ ಗಂಟು ನೋಡಬೇಕು, ಅದು ಮೇಷ್ಟ್ರು ತಾವೇ ಮಾಡಿದ ಕಟ್ಟಳೆ, ಚಿತ್ರ ಕಲಿಸುವ ಮೇಷ್ಟ್ರಾದರೂ ಕಣ್ಣನ್ನು ನಂಬಬೇಡಿ ಎನ್ನುತ್ತಿದ್ದರು, ಸೊಂಟದ ಪಟ್ಟಿಯ ಬಕಲ್ಲು ಮುಟ್ಟಿ, ಗಂಟು ಮುಟ್ಟಿ, ಆಮೇಲೆ ಬೆನ್ನಿಗೊಂದು ತಟ್ಟಿ ಸರಿ ಅನ್ನಿ, ತಟ್ಟದೆ ಯಾರೂ ನೆಲ ಬಿಡಕೂಡದು. ಅಳಿಲು ಗಂಟು ಹಾಕುತ್ತಿದ್ದ. ಅರ್ಧದಲ್ಲಿದ್ದ. ಎಂಟರ ಆಕಾರ ಆಗಿತ್ತು, ತುದಿ ಪಟ್ಟಿಯೊಳಗೆ ತೂರಿತ್ತು, ವಾಪಸು ಅದೇ ದಾರಿಯಲ್ಲಿ ಬರುವುದು ಬಾಕಿ ಇತ್ತು, ಆಗ ಇವಳು, ಈ ದರಿದ್ರ ಫ್ಲಾಸ್ಕಿನ ಮುಚ್ಚಳ ಬರ್ತಿಲ್ಲ ಕಣೋ, ಎಂದಳು. ಕೊಡಿಲ್ಲಿ. ಒಂದೇ ತಿರುವು. ಹಬೆ ಎದ್ದಿತು, ಅವನು ನಕ್ಕ, ಬಂಡೆಯ ಕಡೆ ತಿರುಗಿದ, ಮತ್ತೆ ಗಂಟಿಗೆ ಕೈ ಹಾಕಿದನೇ, ಹಾಕಲಿಲ್ಲ, ಹಾಕಲಿಲ್ಲವೆಂಬುದು ಆಮೇಲೆ ಗೊತ್ತಾಯಿತು, ಇವಳು ಬೆನ್ನಿಗೆ ತಟ್ಟಿದಳು, ಸರಿ ಎಂದಳು. ತಟ್ಟಿದ್ದು ನೆನಪಿದೆ, ಬೆವರಿದ ಅಂಗಿ, ಒಳಗಿನ ಬೆನ್ನುಮೂಳೆ. ಸರಿ ಎಂದದ್ದು ನೆನಪಿದೆ. ಅದಕ್ಕೆ ಮುಂಚೆ ಒಂದು ಕೈಯಲ್ಲಿ ಬಿಸಿ ಲೋಟ. ಇನ್ನೊಂದು ಕೈ? ಅವನು ತುದಿ ಮುಟ್ಟಿದ, ಇಳಿಸಿ ಮೇಷ್ಟ್ರೇ, ಎಂದು ಕೂಗಿ ಹಗ್ಗದ ಮೇಲೆ ಭಾರ ಬಿಟ್ಟು ಹಿಂದಕ್ಕೆ ಒರಗಿದ, ಅರ್ಧ ಗಂಟು ಬಿಚ್ಚಿಕೊಂಡು ಹಗ್ಗ ಪಟ್ಟಿಯಿಂದ ಜಾರಿತು, ಆಮೇಲೆ ಬಳೆಯ ಕೆಳಗೆ ಹಗ್ಗದ ತುದಿ ಒಂದೇ ಇತ್ತು, ಬಿಳಿ ಟೇಪು, ಯಾವ ಅವಸರವೂ ಇಲ್ಲದೆ ತೂಗುತ್ತಿತ್ತು.

ಗಂಟು ನೋಡಿದ್ದು ಯಾರು, ಎಂದು ಸಾವಿನ ತನಿಖೆಗೆ ಬಂದ ಅಧಿಕಾರಿ ಕೇಳಿದ. ಇವಳು ಬಾಯಿ ತೆರೆಯುವಷ್ಟರಲ್ಲಿ ಮೇಷ್ಟ್ರು, ನಾನು ನೋಡಬೇಕಿತ್ತು, ನೋಡ್ಲಿಲ್ಲ, ಬರ್ಕೊಳ್ಳಿ, ಎಂದರು. ಅವಳು ತೆರೆದ ಬಾಯಿ ಮುಚ್ಚಿದಳು. ಅಷ್ಟೇ ಅವಳು ಮಾಡಿದ್ದು, ಬಾಯಿ ಮುಚ್ಚಿದ್ದು, ಒಂಬತ್ತು ವರ್ಷ ಅದೇ ಕೆಲಸ, ಮೇಷ್ಟ್ರು ಊರು ಬಿಟ್ಟು ಈ ದೇಶಕ್ಕೆ ಬಂದು ಪರಭಾಷೆಯ ಮಕ್ಕಳಿಗೆ ಚಿತ್ರ ಕಲಿಸುತ್ತ ಒಂಟಿಯಾಗಿ ಉಳಿದರು, ಅಕ್ಕನಿಗೆ ಬರೆದ ಕಾಗದಗಳು ಒಡೆಯದೆ ವಾಪಸು ಬಂದವು, ಈಗ ಹೇಗೋ ಮನಸ್ಸು ಕರಗಿ, ಹಗ್ಗ ಬೇಡದ ಬೆಟ್ಟ, ಎಲ್ಲರೂ ಬನ್ನಿ, ಎಂಬ ಮೇಷ್ಟ್ರ ಕರೆಗೆ ಅಕ್ಕನೂ ಹೂಂ ಎಂದಿದ್ದಾಳೆ.

ತುದಿ ಎಂದರೆ ಹಲಗೆ ಹಾಸಿದ ಕಟ್ಟೆ, ಬಿಸ್ಕತ್ತು ಮಾರುವ ಗೂಡಂಗಡಿ, ಫೋಟೋಗೆ ಸಾಲು ನಿಂತ ಜನ. ಇಷ್ಟಕ್ಕೇ ಮೇಲೆ ಬಂದದ್ದೇ. ಡಾಕ್ಟರು ಬಿಸ್ಕತ್ತಿನ ಸಾಲಿಗೆ ಹೋದರು. ಮೇಷ್ಟ್ರು ಬೆಂಚಿನ ಆ ಕೊನೆಗೆ, ಅಕ್ಕ ಈ ಕೊನೆಗೆ, ನಡುವೆ ಇನ್ನಿಬ್ಬರು ಕೂರುವಷ್ಟು ಜಾಗ, ಅಲ್ಲಿ ಇವಳು. ಹೇಳು ಈಗ. ಗಾಳಿ ನಿಲ್ಲಲಿ. ಆ ಮಗು ಅಳು ನಿಲ್ಲಿಸಲಿ. ಅಕ್ಕ ಚೀಲದಿಂದ ಫ್ಲಾಸ್ಕು ತೆಗೆದಳು, ತಿರುಗಿಸಿದಳು, ಸೆರಗಿಲ್ಲದ ಕೋಟಿನ ಅಂಚು ಹಿಡಿದು ಮತ್ತೆ ತಿರುಗಿಸಿದಳು, ಇವಳ ಕಡೆ ಚಾಚಿದಳು — ಇದರ ಮುಚ್ಚಳ ಗಟ್ಟಿಯಾಗಿದೆ, ಸ್ವಲ್ಪ ತೆಗೆದುಕೊಡು. ಫ್ಲಾಸ್ಕು ಕೈಗೆ ಬಂತು, ಕೈ ಅದನ್ನು ತೊಡೆಯ ಮೇಲೆ ಇಟ್ಟುಕೊಂಡಿತು, ಬಾಯಿ ತಾನಾಗಿ ಹೇಳತೊಡಗಿತು, ಯೋಗ್ಯತೆ ಇಲ್ಲ ಎಂಬ ಪೀಠಿಕೆ ಎಲ್ಲಿ ಹೋಯಿತೋ, ಮುಚ್ಚಳ, ಅರ್ಧ ಗಂಟು, ಕನ್ನಡಕ, ನೋಡಬೇಕಿದ್ದದ್ದು ಮೇಷ್ಟ್ರಲ್ಲ ಅಕ್ಕ, ನಾನು, ನನಗೇ ಹೇಳಿದ್ರು, ಸರಿ ಅಂದಿದ್ದೂ ನಾನೇ. ಬಿಡಮ್ಮ, ಎಂದರು ಮೇಷ್ಟ್ರು, ಹಗ್ಗ ನನ್ನ ಕೈಲಿತ್ತು, ಅದೆಲ್ಲ ಈಗ್ಯಾಕೆ. ಮೇಷ್ಟ್ರೇ, ನೀವು ಸ್ವಲ್ಪ ಸುಮ್ನಿರಿ, ಎಂದಳು ಅಕ್ಕ, ದನಿ ಏರಿಸಲೇ ಇಲ್ಲ. ಒಂಬತ್ತು ವರ್ಷ ನಿಮಗೆ ಶಾಪ ಹಾಕಿದೀನಿ, ಬೆಳಗ್ಗೆ ಎದ್ದ ತಕ್ಷಣ, ಹಲ್ಲುಜ್ಜೋ ಮುಂಚೆ. ಅದನ್ನ ವಾಪಸ್ ತಗೋಬೇಕೋ ಬೇಡ್ವೋ ನನಗೆ ಗೊತ್ತಾಗ್ಲಿ. ನೀನು ಹೇಳು. ಕ್ಷಮೆ ಗಿಮೆ ಏನೂ ಬೇಡ. ಆ ಗಂಟನ್ನ ನೀನು ಮುಟ್ಟಿದ್ಯಾ, ಇಲ್ವಾ?

ಇಷ್ಟು ವರ್ಷ ಅವಳು ಕಾದಿದ್ದು ಬೈಗುಳಕ್ಕೆ, ಅಳುವಿಗೆ, ಕೆನ್ನೆಗೆ ಬೀಳುವ ಏಟಿಗೆ, ಇದಕ್ಕಲ್ಲ. ಮುಟ್ಟಿದ್ದರೆ ತಿಳಿಯುತ್ತಿತ್ತು, ಅರ್ಧ ಗಂಟು ತೆಳ್ಳಗೆ ಸಿಗುತ್ತದೆ ಕೈಗೆ, ಆದ್ದರಿಂದ ಮುಟ್ಟಿಲ್ಲ, ಆದರೆ ಮುಟ್ಟಿಯೂ ಗಮನ ಲೋಟದ ಮೇಲಿದ್ದರೆ, ಆಗ ಕೈಗೆ ತಿಳಿದದ್ದು ತಲೆಗೆ ತಲುಪದೆ ಹೋಗಿದ್ದರೆ, ಇಲ್ಲ ಎಂದುಬಿಟ್ಟರೆ ಅಕ್ಕನಿಗೆ ಒಂದು ಉತ್ತರ ಸಿಗುತ್ತದೆ, ಮೇಷ್ಟ್ರಿಗೆ ಬಿಡುಗಡೆ, ಹೇಳಿಬಿಡು, ಆದರೆ ಅದೂ ನೋಡದೆ ಹಾಕಿದ ಸಹಿಯೇ ಅಲ್ಲವೇ, ಇನ್ನೊಂದು ಸರಿ. ಅಕ್ಕ ಕಾಯುತ್ತಿದ್ದಾಳೆ. ಮೇಷ್ಟ್ರು ಕನ್ನಡಕ ಹಾಕಿಕೊಂಡೇ ಕಣ್ಣು ಮುಚ್ಚಿದ್ದಾರೆ. ಅವಳು ಅಂಗೈ ಬಿಡಿಸಿ ನೋಡಿದಳು, ಫ್ಲಾಸ್ಕಿನ ಅಂಚು ಒತ್ತಿದ ಕೆಂಪು ಗೀರು, ಬೇರೇನೂ ಇಲ್ಲ. ಗೊತ್ತಿಲ್ಲ ಅಕ್ಕ, ಎಂದಳು. ಅಕ್ಕ ಫ್ಲಾಸ್ಕನ್ನು ಅವಳ ತೊಡೆಯಿಂದ ವಾಪಸು ತೆಗೆದುಕೊಂಡಳು, ತೆರೆಯದೆ ಚೀಲಕ್ಕೆ ಹಾಕಿಕೊಂಡಳು. ಲೋಟ ಒಂದು ಕೈಯಲ್ಲಿ. ಇನ್ನೊಂದು ಕೈ, ಬೆನ್ನಿನ ಮೇಲೆ. ಅದಕ್ಕೆ ಮುಂಚೆ ಆ ಕೈ ಎಲ್ಲಿತ್ತೋ ಗೊತ್ತಿಲ್ಲ. ಬಳೆಯ ಕೆಳಗೆ, ಬಿಳಿ ಟೇಪು ಸುತ್ತಿದ ತುದಿ, ತೂಗುತ್ತಿದೆ.