ಮೌನಗೌರಿಯ ಬೆರಳು

ಪರೀಕ್ಷೆ ಕೋಣೆಯ ಬಾಗಿಲಾಚೆ ಚಪ್ಪಲಿ ಎಳೆಯುವ ಸದ್ದು, ಅಷ್ಟು ಸಾಕು, ಯಾರು ಅಂತ ಜೀವಶಾಸ್ತ್ರದ ಮೇಡಂಗೆ ಗೊತ್ತು, ಕೊನೇ ಬೆಂಚಿನ ಮೌನಗೌರಿ, ಬಂದಳಪ್ಪಾ ಬಂದಳು — ಈ ಸಲ ಪರೀಕ್ಷೆ ಹೇಗೆ ಬೇಕೋ ನೀವೇ ಆರಿಸಿಕೊಳ್ಳಿ ಅಂದಾಗ ಇಡೀ ಕ್ಲಾಸಿನದ್ದು ಅವರು ಮೊದಲೇ ಊಹಿಸಿಬಿಟ್ಟಿದ್ದರು, ಆ ಬಾಯಿಬಡುಕ ಮೌಖಿಕವೇ ಅಂತಾನೆ, ಅಂದ, ಅರ್ಧ ಗೊತ್ತಿದ್ದರೆ ಗಂಟೆಗಟ್ಟಲೆ ಕೊರೆಯೋನು, ಮಾರ್ಜಿನ್ ಎಳೆಯದೆ ಉಸಿರೂ ಆಡದ ಆ ಹುಡುಗಿಗೆ ಉದ್ದುದ್ದ ಉತ್ತರ ಬರೆಯೋದೇ ಬೇಕು, ಸೋಮಾರಿಗಳ ಸಂಘಕ್ಕೆ ಟಿಕ್ ಹಾಕೋದು, ಎಲ್ಲ ಸರಿ, ಯಾರ ಸ್ವಭಾವ ಎಂಥದ್ದು ಅಂತ ಅವರಿಗೆ ಹೇಳಿಕೊಡಬೇಕಾ, ಇವಳೊಬ್ಬಳೇ ಎಡವಟ್ಟು, ಮೌಖಿಕ ಅಂದಳು, ನೀನಾ, ಹೂಂ ಮೇಡಂ, ಯೋಚನೆ ಮಾಡಮ್ಮಾ, ಮಾಡಿದೀನಿ ಮೇಡಂ — ಇದರಲ್ಲಿ ಫೇಲಾದರೆ ಇನ್ನೊಂದು ವರ್ಷ ಅದೇ ಬೆಂಚು, ಅಯ್ಯೋ ಕರ್ಮವೇ, ತರಗತಿಯಲ್ಲಿ ಬೆರಳು ಕಿವಿಯವರೆಗೆ ಎತ್ತೋದು, ಎದ್ದು ಒಂದು ಪದ ಹೇಳಿ ತಡವರಿಸೋದು, ಪಾಪ ಅಂತ ಮಿಕ್ಕಿದ್ದನ್ನ ಮೇಡಮ್ಮೇ ಹೇಳಿ ಮುಗಿಸೋದು, ಬೆರಳು ಮೆಲ್ಲಗೆ ಇಳಿಯೋದು, ಕೂತ್ಕೋ ಪುಟ್ಟಾ, ಎಷ್ಟು ಸಲ, ಆದರೆ ಇಲ್ಲಿ ಹಾಗೆ ಸಹಾಯ ಮಾಡೋ ಹಾಗಿಲ್ಲ, ವಿದ್ಯಾರ್ಥಿ ಮುಗಿಸೋ ತನಕ ಪರೀಕ್ಷಕರು ತುಟಿ ಪಿಟಕ್ಕೆನ್ನಬಾರದು, ಭೌತಶಾಸ್ತ್ರದ ಸರ್ ಮಧ್ಯೆ ಬಾಯಿ ಹಾಕ್ತಾರೆ ಅಂತ ಮೀಟಿಂಗಿನಲ್ಲಿ ಹಟ ಹಿಡಿದು ಆ ನಿಯಮ ಮಾಡಿಸಿದ್ದು ಬೇರೆ ಯಾರೂ ಅಲ್ಲ, ಈ ಮೇಡಮ್ಮೇ, ಸರ್ ಮುಖ ಆವತ್ತು ನೋಡಬೇಕಿತ್ತು — ಕೂತಳು, ಹೇಳಮ್ಮಾ, ಮರದ ಎಲೆ ಯಾಕೆ ಉದುರುತ್ತೆ, ಸುಲಭದ್ದೇ ಕೇಳಿದ್ದಾರೆ, ಗಾಳಿ, ಅಂದಳು, ಮಾತು ಅಲ್ಲಿಗೇ ತಡೆಯಿತು, ಗಾಳಿ ಅಲ್ಲ ಕಣೇ, ಉತ್ತರ ಮೇಡಂ ನಾಲಿಗೆ ತುದಿಗೇ ಬಂದು ಕೂತಿದೆ, ನುಂಗೋಕಾಗಲ್ಲ, ಒಂದು ವರ್ಷ ಹೋಗುತ್ತಲ್ಲ ಈ ಕೂಸಿಂದು, ಯಾರು ನೋಡ್ತಾರೆ, ಪುಟ್ಟಾ, ಗಾಳಿಯಲ್ಲ, ಅದು —

ಬೆರಳು ಎದ್ದಿತು. ಕಿವಿಯ ಹತ್ತಿರ ಅಲ್ಲ, ಮೇಡಂ ಮುಖಕ್ಕೆ ನೇರ. ಇರಿ ಮೇಡಂ, ಗಾಳಿಯಿಂದ ಅಲ್ಲ ಅಂತಲೇ ಹೇಳ್ತಿದ್ದೆ, ನೀವು ಯಾವತ್ತೂ ಮುಗಿಸೋಕೆ ಬಿಡಲ್ಲ, ಇಲ್ಲಿ ಬಿಡಲೇಬೇಕಲ್ಲ, ಅದಕ್ಕೇ ಮೌಖಿಕ ತಗೊಂಡಿದ್ದು — ಮತ್ತೆ ನಿಧಾನ, ತೊಟ್ಟಿನ ಬುಡ, ಅಲ್ಲಿ ಮರವೇ ಒಂದು ಪದರ ಬೆಳೆಸಿ ಎಲೆಯನ್ನ ಬಿಟ್ಟುಕೊಡೋದು, ಒಂದೊಂದೇ ಪದ, ಒಂದೂ ತಪ್ಪಿಲ್ಲ, ಭಲೇ, ಗೆದ್ದಳು ಹುಡುಗಿ, ನಾನೇ ಮಧ್ಯೆ ಬಾಯಿ ಹಾಕಿದ್ದನ್ನ ಭೌತಶಾಸ್ತ್ರದ ಸರ್‌ಗೆ ಮಾತ್ರ ಹೇಳೋ ಹಾಗಿಲ್ಲ, ಎಲ್ಲರದ್ದೂ ಸರಿಯಾಗಿ ಊಹಿಸಿದ್ದೆನಲ್ಲ, ಇವಳದ್ದೂ, ಇವಳು — ಬೆರಳು, ಇನ್ನೂ ಇಳಿಸಿಲ್ಲ, ಆ ಬೆರಳು.