ಹನ್ನೊಂದು ನಿಮಿಷದ ಅಕ್ಕ

ಸೀಟು ಬೆನ್ನಿಗೆ ಮೆಲ್ಲಗೆ ಒತ್ತಿತು, ಹೊರಟಳು, ಅಕ್ಕ ಹೊರಟಳು, ಈ ಕದದಾಚೆ ಚಾಲಕಿಯ ಪುಟ್ಟ ಕೋಣೆಯಲ್ಲಿ ಹಿಡಿಕೆ ಹಿಡಿದು ಇಡೀ ರೈಲನ್ನೇ ಓಡಿಸುತ್ತಿದ್ದಾಳೆ, ಮೂವತ್ತು ವರ್ಷದ ಕೆಲಸದ ಕೊನೆಯ ಓಟ, ನಾನೋ, ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಹೇಳುವವಳು, ತೊಡೆಯ ಮೇಲೆ ನೋಟ್‌ಬುಕ್ಕಿಟ್ಟುಕೊಂಡು ಅವಳ ಕಾಲವನ್ನು ಲೆಕ್ಕ ಹಾಕುತ್ತಿದ್ದೇನೆ — ನಿನ್ನೆ ಫೋನು ಬಂತು, ಆರು ವರ್ಷದ ಮೇಲೆ, ಹಲೋ ಕೂಡ ಇಲ್ಲ, ಏನೇ, ಓಡೋರಿಗೆ ವಯಸ್ಸು ನಿಧಾನ ಆಗುತ್ತೆ ಅಂತಿದ್ಯಲ್ಲ, ನಾಳೆ ನನ್ನ ಕೊನೇ ಟ್ರಿಪ್ಪು, ಎಷ್ಟು ಉಳಿಸ್ದೆ ಅಂತ ಬಂದು ಹೇಳು. ಅವಳಿಗಳು ನಾವು, ಹನ್ನೊಂದು ನಿಮಿಷ ಮೊದಲು ಹುಟ್ಟಿದಳು, ಅಷ್ಟಕ್ಕೇ ಅಕ್ಕ, ಅಷ್ಟಕ್ಕೇ ಜೀವಮಾನವೆಲ್ಲ ಯಜಮಾನಿಕೆ. ವೇಗ ಏರುತ್ತಿದೆ, ಒಂದೇ ವೇಗವಾಗಿದ್ದರೆ ಒಂದೇ ಗುಣಾಕಾರಕ್ಕೆ ಮುಗಿಯುತ್ತಿತ್ತು, ಇದು ಏರುತ್ತದೆ ಇಳಿಯುತ್ತದೆ, ದಾರಿಯನ್ನು ಸಣ್ಣಗೆ ಹೆಚ್ಚಬೇಕು, ಒಂದೊಂದು ಚೂರಿನಲ್ಲೂ ಆ ಕ್ಷಣದ ವೇಗಕ್ಕೆ ತಕ್ಕಷ್ಟು ಅವಳ ಗಡಿಯಾರ ಹಿಂದೆ ಬೀಳುತ್ತದೆ, ಕೊನೆಗೆ ಎಲ್ಲ ಕೂಡಬೇಕು — ಬ್ರೇಕು, ಮುಂದಕ್ಕೆ ವಾಲಿದೆ, ಪೆನ್ನು ಜಾರಿತು. ಎಂಥ ಸೋಜಿಗ, ಸಮವೇಗದಲ್ಲಿ ಹೋಗುವವಳು ತಾನು ನಿಂತೇ ಇದ್ದೇನೆ ಅಂದುಕೊಳ್ಳಬಹುದು, ಯಾರೂ ತಪ್ಪೆನ್ನಲಾರರು, ವೇಗ ಬದಲಿಸುವವಳಿಗೆ, ತಿರುಗುವವಳಿಗೆ ಮಾತ್ರ ಮೈಯೇ ಹೇಳಿಬಿಡುತ್ತದೆ, ಅಮ್ಮ ತೀರಿಕೊಂಡ ಮಧ್ಯಾಹ್ನ ಅವಳು ಟ್ರಿಪ್ಪು ಮುಗಿಸಿ ಓಡಿಬಂದಾಗ ನಾನೇ ಅಂದದ್ದು, ಅಮ್ಮನಿಗಿಂತ ನಿಂಗೆ ರೈಲೇ ಹೆಚ್ಚಾಯ್ತಾ, ಅವಳಂದಳು, ಸಾವಿರ ಜನ ಹತ್ತಿದ್ರು ಕಣೇ, ಮಧ್ಯದಲ್ಲಿ ಹೇಗೆ ಇಳೀಲಿ, ಮುಖ ತಿರುಗಿಸಿದೆ, ನಿಂತಲ್ಲೇ ನಿಂತವಳು ನಾನು, ದೂರ ಓಡಿದವಳು ಅವಳು ಎಂದು ಆರು ವರ್ಷ ಹೇಳಿಕೊಂಡೆ, ತಿರುಗಿದ್ದು ಯಾರೆಂದು ನನ್ನ ಕತ್ತಿಗೆ ಗೊತ್ತಿತ್ತು. ಕೂಡಿದೆ, ಇಂಥ ಓಟಗಳೆಲ್ಲಕ್ಕೂ ಗುಣಿಸಿದೆ, ಮತ್ತೊಮ್ಮೆ ಕೂಡಿದೆ, ಸೆಕೆಂಡನ್ನು ಇಪ್ಪತ್ತು ಲಕ್ಷ ಚೂರು ಮಾಡಿದರೆ ಅದರಲ್ಲೊಂದು ಚೂರು, ಅಷ್ಟೇ ಅವಳು ಉಳಿಸಿದ್ದು, ಮೂವತ್ತು ವರ್ಷಕ್ಕೆ, ನಗು ಬಂತು, ಅವಳು ನನಗೆ ತಂಗಿಯಾಗಬೇಕಾದರೆ ಹೀಗೇ ಸಾವಿರಾರು ಕೋಟಿ ವರ್ಷ ಓಡಬೇಕು. ಕೊನೆಯ ನಿಲ್ದಾಣ, ಬಾಗಿಲು ತೆರೆಯಿತು, ಇಳಿದೆ, ಅವಳು ಆಗಲೇ ಇಳಿದು ನಿಂತಿದ್ದಾಳೆ, ತಲೆ ಪೂರ್ತಿ ಬೆಳ್ಳಗಾಗಿದೆ, ಎಷ್ಟಾಯ್ತೇ? ಇನ್ನೂ ನೀನೇ ಅಕ್ಕ, ಅಂದೆ, ತಪ್ಪು ನಂದೇ ಕಣೇ ಅಂತಲೂ ಅಂದೆನೋ, ಬರೀ ಅಂದುಕೊಂಡೆನೋ — ಜನ ನಮ್ಮನ್ನು ಬಳಸಿ ಹೋಗುತ್ತಿದ್ದಾರೆ, ರೈಲು ನಿಂತಿದೆ, ನೆಲ ನಿಂತಿದೆ, ಅವಳು ಮಾತ್ರ ಮಂಡಿ ತುಸು ಬಾಗಿಸಿ, ಕಾಲು ಅಗಲಿಸಿ, ಈಗಲೋ ಆಗಲೋ ಒಂದು ಜಗ್ಗು ಬಂದೀತು ಎಂಬಂತೆ — ಆ ಕಾಲು, ಅಲ್ಲಾಡದ ಕಲ್ಲುನೆಲದ ಮೇಲೆ ಅಗಲಿಸಿ ಊರಿದ ಆ ಎರಡು ಕಾಲು —